ಪೆಟ್ರೋಲ್ ಬಿಟ್ಟಿರಿ ಸರಿ, ಗಾಳಿ ಹಾಕಿಸುವುದನ್ನು ಯಾಕೆ ಬಿಟ್ಟಿರಿ?

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಎಲೆಕ್ಟ್ರಿಕ್ ಸ್ಕೂಟರಿನ ಟೈರಿನ ಬಗ್ಗೆಯೇ. ಮಳೆಗಾಲ ಹತ್ತಿರ ಬಂತಲ್ಲ, ಸಹಜ. ಬೇರೆ ಬೇರೆ ಊರು, ಬೇರೆ ಬೇರೆ ರಸ್ತೆಯ ಕೆಲವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ದಿನಾ ಕೆಂಗೇರಿಯಿಂದ ಜಯನಗರಕ್ಕೆ ಇ-ಸ್ಕೂಟರಿನಲ್ಲಿ ಓಡಾಡುತ್ತೇನೆ. ತಗೊಂಡಾಗ ಒಂದು ಚಾರ್ಜಿಗೆ 100 ಕಿ.ಮೀ. ಹತ್ತಿರ ಬರುತ್ತಿತ್ತು. ಈಗ 85 ದಾಟುವುದಿಲ್ಲ. ಬ್ಯಾಟರಿ ಚೆನ್ನಾಗಿದೆ ಅಂತ ಸರ್ವಿಸ್‌ನವರು ಹೇಳುತ್ತಾರೆ. ಮತ್ತೇನು ಕಾರಣ? (ಉದ್ಯೋಗಿ, ಬೆಂಗಳೂರು)

ಕೊನೆಯ ಸಲ ಗಾಳಿ ಹಾಕಿಸಿದ್ದು ಯಾವಾಗ? ನೆನಪಿಲ್ಲ ಅಂದರೆ ಮೊದಲು ನೋಡಬೇಕಾದ್ದು ಅದನ್ನೇ.

ಪೆಟ್ರೋಲ್ ಗಾಡಿ ಇದ್ದಾಗ ವಾರಕ್ಕೊಮ್ಮೆಯಾದರೂ ಬಂಕಿಗೆ ಹೋಗಲೇಬೇಕಿತ್ತು. ಪಕ್ಕದಲ್ಲೇ ಗಾಳಿ ಮೆಷಿನ್ ಇರುತ್ತಿತ್ತು, ಹಾಗೇ ಹಾಕಿಸಿಕೊಂಡು ಬರುತ್ತಿದ್ದಿರಿ. ಈಗ ಚಾರ್ಜ್ ಮನೆಯಲ್ಲೇ ಆಗುತ್ತದೆ. ಬಂಕಿನ ದಾರಿ ಮರೆತ ಮೇಲೆ ಗಾಳಿಯ ನೆನಪಾದರೂ ಹೇಗೆ ಬರಬೇಕು? ರೇಂಜ್, ಅಂದರೆ ಒಂದು ಚಾರ್ಜಿಗೆ ಓಡುವ ದೂರ, ಕಮ್ಮಿ ಅಂತ ಯಾರು ಹೇಳಿದರೂ ನಾನು ಮೊದಲು ತೆಗೆಯುವುದು ಗಾಳಿ ಅಳೆಯುವ ಗೇಜನ್ನು.

ಪಂಕ್ಚರ್ ಆಗದಿದ್ದರೂ ಟೈರಿನಿಂದ ತಿಂಗಳಿಗೆ ಒಂದೆರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತಾನಾಗೇ ಇಳಿಯುತ್ತದೆ. ಗಾಳಿ ಇಳಿದ ಟೈರು ಪ್ರತಿ ಸುತ್ತಿಗೂ ಜಾಸ್ತಿ ಬಗ್ಗುತ್ತದೆ. ಹಾಗೆ ಬಗ್ಗಿ ಏಳುವುದರಲ್ಲಿ ಬ್ಯಾಟರಿಯ ಶಕ್ತಿ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಪೆಟ್ರೋಲ್ ಗಾಡಿಯಲ್ಲೂ ಇದು ಆಗುತ್ತಿತ್ತು, ಆದರೆ ಯಾರೂ ಲೆಕ್ಕ ಇಡುತ್ತಿರಲಿಲ್ಲ. ಈಗ ಉಳಿದ ಕಿಲೋಮೀಟರನ್ನು ಸ್ಕ್ರೀನ್ ಕಣ್ಣೆದುರೇ ತೋರಿಸುತ್ತದೆ.

ಎರಡು ವಾರಕ್ಕೊಮ್ಮೆ, ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ನೋಡಿ. ಓಡಿ ಬಿಸಿಯಾದ ಟೈರು ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಎಷ್ಟಿರಬೇಕು ಅನ್ನುವುದು ಕೈಪಿಡಿಯಲ್ಲಿ ಅಥವಾ ಗಾಡಿಗೆ ಅಂಟಿಸಿದ ಸ್ಟಿಕ್ಕರಿನಲ್ಲಿ ಇರುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚು ಹಾಕಿರುವುದು ಅದು ತಡೆಯುವ ಗರಿಷ್ಠ ಒತ್ತಡ, ಅದನ್ನು ನೋಡಿ ತುಂಬಿಸಬೇಡಿ. ಹಿಂದೆ ಒಬ್ಬರು ಕೂರುವುದಾದರೆ ಕೈಪಿಡಿಯಲ್ಲಿ ಬೇರೆ ಅಂಕಿ ಇರುತ್ತದೆ, ಅದನ್ನೂ ನೋಡಿಕೊಳ್ಳಿ. ರೇಂಜ್ ಸಿಗಲಿ ಅಂತ ಐದಾರು ಪಿಎಸ್‌ಐ ಜಾಸ್ತಿ ತುಂಬಿಸುವವರೂ ಇದ್ದಾರೆ. ಒಂದೆರಡು ಕಿಲೋಮೀಟರ್ ಸಿಗಬಹುದು, ಆದರೆ ಹಿಡಿತ ಹೋಗುತ್ತದೆ. ನಮ್ಮ ಗುಂಡಿಗಳಿಗೆ ರಿಮ್ಮೂ ಹೋಗುತ್ತದೆ.

ಪೆಟ್ರೋಲ್ ಹಾಕಿಸದಿದ್ದರೂ ಬಂಕಿನಲ್ಲಿ ಗಾಳಿ ಉಚಿತವೇ, ಸಂಕೋಚ ಬೇಡ. ಅದೂ ಕಷ್ಟ ಅಂದರೆ ಗೇಜ್ ಇರುವ ಒಂದು ಫುಟ್ ಪಂಪ್ ಮನೆಯಲ್ಲಿಡಿ. ಗಾಳಿ ಸರಿಯಿದ್ದೂ ರೇಂಜ್ ಬರದಿದ್ದರೆ ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ ಕೈಯಿಂದ ತಿರುಗಿಸಿ. ಹಿಡಿದ ಹಾಗಿದ್ದರೆ ಬ್ರೇಕ್ ಅಂಟಿಕೊಂಡಿದೆ.

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ಶಾಲೆಯಲ್ಲಿ ಮೇಷ್ಟ್ರು ನಾನು. ದಾರಿಯಲ್ಲಿ ಅರ್ಧ ಡಾಂಬರು, ಸ್ವಲ್ಪ ಸಿಮೆಂಟ್ ರಸ್ತೆ, ಕೊನೆಗೆ ಮಣ್ಣು. ಮಳೆಗಾಲದಲ್ಲಿ ಇ-ಸ್ಕೂಟರಿನ ಹಿಂದಿನ ಚಕ್ರ ಜಾರುತ್ತದೆ. ಬಟನ್ ಟೈರ್ ಹಾಕಿಸಿದರೆ ಸರಿಹೋಗುತ್ತದಾ?

ಮೇಷ್ಟ್ರೇ, ಬಟನ್ ಟೈರ್ ಬೇಡ. ಸಡಿಲ ಮಣ್ಣಿನಲ್ಲಿ ಅದರ ಮೈಮೇಲಿನ ಉಬ್ಬಿದ ರಬ್ಬರ್ ಗುಬ್ಬಿಗಳು ಕಚ್ಚಿ ಹಿಡಿಯುತ್ತವೆ, ನಿಜ. ಆದರೆ ನಿಮ್ಮ ದಾರಿಯಲ್ಲಿ ಜಾಸ್ತಿ ಇರುವುದು ಡಾಂಬರು ಮತ್ತು ಸಿಮೆಂಟ್. ಒದ್ದೆ ಡಾಂಬರಿನ ಮೇಲೆ ಬಟನ್ ಟೈರಿನ ರಬ್ಬರು ನೆಲಕ್ಕೆ ತಾಗುವುದೇ ಕಮ್ಮಿ. ತಿರುವಿನಲ್ಲಿ ಗುಬ್ಬಿಗಳು ಅಲುಗಾಡುತ್ತವೆ. ರೇಂಜೂ ಇಳಿಯುತ್ತದೆ. ಅಂಗಡಿಯಲ್ಲಿ ಕೇಳಬೇಕಾದ್ದು ನೀರು ಹೊರಗೆ ಹೋಗಲು ಆಳವಾದ ಗೆರೆಗಳಿರುವ, ಮೆತ್ತನೆ ರಬ್ಬರಿನ ರಸ್ತೆ ಟೈರು. ಮೆತ್ತನೆಯದು ಬೇಗ ಸವೆಯುತ್ತದೆ. ಮಲೆನಾಡಿನಲ್ಲಿ ಆ ಖರ್ಚು ದಂಡವಲ್ಲ ಅಂತ ನನ್ನ ಅಭಿಪ್ರಾಯ.

ಇನ್ನೊಂದು ವಿಷಯವಿದೆ, ನಿಮ್ಮ ತೊಂದರೆಗೆ ಟೈರಿಗಿಂತ ಅದೇ ಮುಖ್ಯ ಇರಬಹುದು. ಆ್ಯಕ್ಸಿಲರೇಟರ್ ಬಿಟ್ಟ ತಕ್ಷಣ ಗಾಡಿ ತಾನಾಗೇ ನಿಧಾನ ಆಗುತ್ತದಲ್ಲ, ಅದು ಮೋಟರ್ ಬ್ರೇಕಿನ ಹಾಗೆ ಕೆಲಸ ಮಾಡಿ ಬ್ಯಾಟರಿಗೆ ಚಾರ್ಜ್ ಕೊಡುವ ಹೊತ್ತು. ರೀಜೆನ್ ಅನ್ನುತ್ತಾರೆ. ಆ ಹಿಡಿತ ಪೂರ್ತಿ ಹಿಂದಿನ ಚಕ್ರದ ಮೇಲೆಯೇ. ಪಾಚಿ ಕಟ್ಟಿದ ಸಿಮೆಂಟಿನ ಮೇಲೆ, ಒದ್ದೆ ತಿರುವಿನಲ್ಲಿ ಫಕ್ಕನೆ ಆ್ಯಕ್ಸಿಲರೇಟರ್ ಬಿಟ್ಟರೆ ಹಿಂದಿನ ಬ್ರೇಕ್ ಹಿಡಿದಂತೆಯೇ ಆಗಿ ಚಕ್ರ ಜಾರಬಹುದು. ನಿಮ್ಮ ಗಾಡಿಯಲ್ಲಿ ರೀಜೆನ್ ಕಮ್ಮಿ ಮಾಡುವ ಸೆಟ್ಟಿಂಗ್ ಇದ್ದರೆ ಮಳೆಗಾಲಕ್ಕೆ ಕಮ್ಮಿ ಮಾಡಿ. ಇಲ್ಲದಿದ್ದರೆ ತಿರುವಿಗೆ ಮುಂಚೆಯೇ ವೇಗ ಇಳಿಸಿ, ಆ್ಯಕ್ಸಿಲರೇಟರನ್ನು ನಿಧಾನಕ್ಕೆ ಬಿಡಿ. ಹೊರಡುವಾಗಲೂ ಅಷ್ಟೇ. ಎಲೆಕ್ಟ್ರಿಕ್ ಮೋಟರ್ ಸೊನ್ನೆಯಿಂದಲೇ ಪೂರ್ತಿ ಎಳೆತ ಕೊಡುತ್ತದೆ. ಎಳೆತ ಕಮ್ಮಿ ಇರುವ ಇಕೋ ಮೋಡ್ ಹಾಕಿಕೊಳ್ಳಿ. ಸ್ಪೋರ್ಟ್ ಮೋಡ್ ಆಗುಂಬೆ ಮಳೆಗೆ ಹೇಳಿದ್ದಲ್ಲ!

ಹಿಡಿತ ಬರುತ್ತದೆ ಅಂತ ಮಳೆಗಾಲದಲ್ಲಿ ಗಾಳಿ ಇಳಿಸುವುದೂ ಬೇಡ. ಮೆತ್ತಗಾದ ಟೈರಿನ ಗೆರೆಗಳು ಒತ್ತಿಕೊಂಡು ನೀರು ಹೊರಗೆ ಹೋಗುವುದೇ ಕಷ್ಟವಾಗುತ್ತದೆ. ಕಾನೂನಿನ ಪ್ರಕಾರ ದ್ವಿಚಕ್ರ ವಾಹನಕ್ಕೆ 0.8 ಮಿ.ಮೀ. ಗೆರೆ ಉಳಿದಿದ್ದರೂ ಸಾಕು. ಗೆರೆಯೊಳಗೆ ಸಣ್ಣ ದಿಬ್ಬ ಇರುತ್ತದೆ, ಟೈರು ಅದರ ಮಟ್ಟಕ್ಕೆ ಸವೆದರೆ ಮುಗಿಯಿತು ಅಂತ ಲೆಕ್ಕ. ನಿಮ್ಮ ಕಡೆಯ ಮಳೆಗೆ ಅಷ್ಟು ಕಾಯಬೇಡಿ. ಮೇ ಕೊನೆಗೆ 2 ಮಿ.ಮೀ.ಗಿಂತ ಕಮ್ಮಿ ಇದ್ದರೆ ಆಗಲೇ ಬದಲಾಯಿಸಿಬಿಡಿ.

ಪ್ರಶ್ನೆ: ನಮ್ದು ಸಿಂಧನೂರು ಹತ್ತಿರ ಹಳ್ಳಿ. ಜಾಲಿ ಮುಳ್ಳಿಗೆ ತಿಂಗಳಿಗೆರಡು ಪಂಕ್ಚರ್. ಹಿಂದಿನ ಚಕ್ರದಲ್ಲೇ ಮೋಟರ್ ಐತಿ ಅಂತ ಪಂಕ್ಚರ್ ಅಂಗಡಿಯವ ಮುಟ್ಟಾಕ ಹೆದರ್ತಾನ. ಒಳಗ ಟ್ಯೂಬ್ ಹಾಕಿಸಲಾ? ಲಿಕ್ವಿಡ್ ಹಾಕಿಸಲಾ?

ಟ್ಯೂಬ್ ಬೇಡ. ಟ್ಯೂಬ್‌ಲೆಸ್‌ನಲ್ಲಿ ಮುಳ್ಳು ಚುಚ್ಚಿದರೆ ಗಾಳಿ ನಿಧಾನಕ್ಕೆ ಇಳಿಯುತ್ತದೆ, ಮನೆ ಸೇರಬಹುದು. ಟ್ಯೂಬ್ ಹಾಕಿದರೆ ಒಂದೇ ಸಲಕ್ಕೆ ಇಳಿಯಬಹುದು. ನಿಮ್ಮ ಬಿಸಿಲಿಗೆ ಎರಡು ಪದರ ರಬ್ಬರು ಉಜ್ಜಿ ಇನ್ನೂ ಬಿಸಿಯಾಗುತ್ತದೆ.

ಬಳ್ಳಾರಿ ಜಾಲಿ ಇರುವ ಊರಿಗೆ ಟೈರಿನೊಳಗೆ ಹಾಕುವ ಪಂಕ್ಚರ್ ಲಿಕ್ವಿಡ್ ಒಳ್ಳೆಯದು. ಮುಳ್ಳಿನ ತೂತನ್ನು ಅದು ಆಗಿಂದಾಗ ಮುಚ್ಚುತ್ತದೆ. ಬಾಟಲಿ ಮೇಲೆ ಬರೆದಷ್ಟೇ ಹಾಕಿಸಿ. ಬಿಸಿಲಿಗೆ ಅದು ಒಣಗುತ್ತದೆ, ಆಗಾಗ ಪರೀಕ್ಷಿಸಬೇಕು. ಗಾಳಿ ನೋಡುವಾಗ ವಾಲ್ವ್ ಮೇಲೆ ಬರುವ ಹಾಗೆ ಚಕ್ರ ತಿರುಗಿಸಿಕೊಳ್ಳಿ, ಇಲ್ಲದಿದ್ದರೆ ಲಿಕ್ವಿಡ್ ವಾಲ್ವಿನಲ್ಲಿ ಕಟ್ಟಿಕೊಳ್ಳುತ್ತದೆ. ಟೈರಿನ ಪಕ್ಕ ಹರಿದರೆ ಲಿಕ್ವಿಡ್ಡೂ ಇಲ್ಲ, ತೂತಿಗೆ ತೂರಿಸುವ ರಬ್ಬರ್ ಸ್ಟ್ರಿಪ್ಪೂ ಇಲ್ಲ, ಹೊಸ ಟೈರೇ ಗತಿ.

ನಿಮ್ಮ ಅಂಗಡಿಯವರಿಗೆ ಧೈರ್ಯ ಹೇಳಿ. ಮುಳ್ಳಿನ ಪಂಕ್ಚರಿಗೆ ಚಕ್ರ ಬಿಚ್ಚುವ ಕೆಲಸವೇ ಇಲ್ಲ. ಡಬಲ್ ಸ್ಟ್ಯಾಂಡ್ ಹಾಕಿ, ಗಾಡಿ ಆಫ್ ಮಾಡಿ ಕೀಲಿ ನೀವೇ ಇಟ್ಟುಕೊಳ್ಳಿ. ಆನ್ ಇದ್ದು ಯಾರಾದರೂ ಆ್ಯಕ್ಸಿಲರೇಟರ್ ತಿರುಗಿಸಿದರೆ ಸದ್ದೇ ಇಲ್ಲದೆ ಚಕ್ರ ತಿರುಗಿ ಬೆರಳು ಹೋಗುತ್ತದೆ. ಮುಳ್ಳು ಕಿತ್ತು ಸ್ಟ್ರಿಪ್ ತೂರಿಸಿದರೆ ಆಯಿತು. ಟೈರು ಬದಲಾಯಿಸುವಾಗ ಮಾತ್ರ ಮೋಟರಿನ ಕೇಬಲ್ ಬಿಚ್ಚಬೇಕು. ಅದಕ್ಕೆ ಗೊತ್ತಿರುವವರೇ ಬೇಕು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮಳೆ ಬಂದಾಗ ಎರೆ ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಳ್ಳುತ್ತದೆ. ಚಕ್ರ ಬಿಗಿಯಾದರೂ ಮೋಟರ್ ಎಳೆಯುತ್ತಲೇ ಇರುತ್ತದೆ, ಬಿಸಿಯಾಗುತ್ತದೆ. ನಿಲ್ಲಿಸಿ ಕಡ್ಡಿಯಿಂದ ಕೆರೆದು ತೆಗೆಯಿರಿ. ಮನೆಗೆ ಬಂದು ಪ್ರೆಷರ್ ಪೈಪನ್ನು ಮೋಟರಿಗೆ ನೇರ ಹಿಡಿಯಬೇಡಿ. ಬೇಸಿಗೆಯಲ್ಲಿ ಸಿಡಿದೀತು ಅಂತ ಹೆದರಿ ಮಧ್ಯಾಹ್ನ ಗಾಳಿ ಬಿಡುವುದೂ ಬೇಡ. 10 ಡಿಗ್ರಿ ಬಿಸಿ ಏರಿದರೆ ಏರುವುದು ಸುಮಾರು ಒಂದೂವರೆ ಪಿಎಸ್‌ಐ ಮಾತ್ರ. ಟೈರನ್ನು ಬಿಸಿಲಿನಲ್ಲಿ ನಿಜವಾಗಿ ಕೊಲ್ಲುವುದು ಕಮ್ಮಿ ಗಾಳಿ ಮತ್ತು ಜಾಸ್ತಿ ಭಾರ.

ಪ್ರಶ್ನೆ: ಮೈಸೂರಿನಿಂದ. ಹಿಂದಿನ ಟೈರು ನನ್ನ ಹಳೇ ಪೆಟ್ರೋಲ್ ಸ್ಕೂಟರಿಗಿಂತ ಬೇಗ ಸವೆದಿದೆ. ಬ್ಯಾಟರಿ ಭಾರಕ್ಕಾ? ಒಂದು ಸೈಜ್ ದೊಡ್ಡದು ಹಾಕಿ ಅಂತ ಅಂಗಡಿಯವರು ಹೇಳುತ್ತಾರೆ.

ಭಾರವೇ ಕಾರಣ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಾಮಾನ್ಯ 110 ಸಿಸಿ ಸ್ಕೂಟರ್ ಸುಮಾರು 105 ಕೆಜಿ, ಮನೆಬಳಕೆಯ ಇ-ಸ್ಕೂಟರುಗಳು ಹೆಚ್ಚಾಗಿ 110ರಿಂದ 125 ಕೆಜಿ. ಅಷ್ಟು ದೊಡ್ಡ ವ್ಯತ್ಯಾಸವೇನಲ್ಲ. ಸಿಗ್ನಲ್ ಹಸಿರಾದ ತಕ್ಷಣ ಜೋರಾಗಿ ಎಳೆಯುವುದು, ಆಮೇಲೆ ರೀಜೆನ್‌ನಲ್ಲಿ ಹಿಡಿಯುವುದು, ಎರಡೂ ಹಿಂದಿನ ಟೈರಿನ ಮೇಲೆಯೇ ಬೀಳುತ್ತವೆ. ಅದಕ್ಕೇ ಬೇಗ ಸವೆಯುತ್ತದೆ.

ದೊಡ್ಡ ಸೈಜ್ ಬೇಡ. ಮಡ್‌ಗಾರ್ಡಿಗೆ ತಾಗಬಹುದು, ರೇಂಜ್ ಕಮ್ಮಿಯಾಗುತ್ತದೆ, ಸ್ಪೀಡೋಮೀಟರ್ ಲೆಕ್ಕವೂ ತಪ್ಪುತ್ತದೆ. ಟೈರಿನ ಮೇಲೆ 90/90-12 54ಜೆ ಅಂತ ಇದ್ದರೆ ಅಗಲ 90 ಮಿ.ಮೀ., ಎತ್ತರ ಅಗಲದ ಶೇ. 90, ರಿಮ್ 12 ಇಂಚು. 54 ಅಂದರೆ ಆ ಟೈರು 212 ಕೆಜಿ ಹೊರುತ್ತದೆ, ಜೆ ಅಂದರೆ ಗಂಟೆಗೆ 100 ಕಿ.ಮೀ. ವೇಗದವರೆಗೆ ಸರಿ. ಸೈಜ್ ಅದೇ ಇರಲಿ, ಕೊನೆಯ ಎರಡು ಹಳೆಯದಕ್ಕೆ ಸಮ ಅಥವಾ ಜಾಸ್ತಿ ಇರಲಿ. ಸೈಜ್ ಸರಿಯಿದೆ ಅಂತ ಭಾರದ ಅಂಕಿ ಕಮ್ಮಿ ಇರುವ ಅಗ್ಗದ ಟೈರು ತಗೊಳ್ಳಬೇಡಿ.

ನಾಲ್ಕು ಅಂಕಿಯ ತಯಾರಿಕೆ ದಿನಾಂಕವನ್ನೂ ನೋಡಿ. 1825 ಅಂದರೆ 2025ರ 18ನೇ ವಾರ. ಎರಡು ಮೂರು ವರ್ಷ ಅಂಗಡಿಯಲ್ಲೇ ಕೂತ ಟೈರಾದರೆ ಬೇರೆ ಕೊಡಿ ಅನ್ನಿ. ಪಕ್ಕದ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗೇ ಇದೆಯಾ ಅಂತ ಅಲ್ಲೇ ನಿಂತು ನೋಡಿ. ಹೊಸ ಟೈರಿನ ಮೈ ನುಣುಪಾಗಿರುತ್ತದೆ. ಮೊದಲ ನೂರೈವತ್ತು ಕಿಲೋಮೀಟರ್ ಹುಷಾರಾಗಿ ಓಡಿಸಿ, ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ವಿಶೇಷವಾಗಿ.

ಪ್ರಶ್ನೆ: ಮೂರು ತಿಂಗಳು ಮಗಳ ಮನೆಗೆ ಹೋಗುತ್ತಿದ್ದೇವೆ. ಸ್ಕೂಟರ್ ಹಾಗೇ ನಿಲ್ಲಿಸಿದರೆ ಟೈರಿಗೆ ಏನಾದರೂ ಆಗುತ್ತದಾ? ಪಾಲಿಶ್ ಹಚ್ಚಿಟ್ಟರೆ ಒಳ್ಳೆಯದಾ? (ಗೃಹಿಣಿ, ಹುಬ್ಬಳ್ಳಿ)

ಸರಿಯಾಗಿ ಗಾಳಿ ತುಂಬಿಸಿ, ನೆರಳಿನಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಒಂದೇ ಕಡೆ ಭಾರ ಬಿದ್ದರೆ ಟೈರು ಅಲ್ಲಿ ಚಪ್ಪಟೆಯಾಗುತ್ತದೆ. ಪಕ್ಕದ ಮನೆಯವರಿಗೆ ತಿಂಗಳಿಗೊಮ್ಮೆ ಚಕ್ರ ಸ್ವಲ್ಪ ತಿರುಗಿಸಲು ಹೇಳಿದರೆ ಇನ್ನೂ ಒಳ್ಳೆಯದು. ಪಾಲಿಶ್ ಬೇಡವೇ ಬೇಡ. ನೆಲಕ್ಕೆ ತಾಗುವ ಜಾಗಕ್ಕೆ ಅದು ಸೋಕಿದರೆ ವಾಪಸ್ ಬಂದ ದಿನವೇ ಜಾರುತ್ತೀರಿ. ಬಂದ ಮೇಲೆ ಪಕ್ಕದಲ್ಲಿ ಸಣ್ಣ ಬಿರುಕು ಬಿಟ್ಟಿದೆಯಾ ನೋಡಿ, ಗಾಳಿ ಅಳೆದು ನಂತರ ಹೊರಡಿ. ಬ್ಯಾಟರಿಯನ್ನು ಎಷ್ಟು ಚಾರ್ಜಿನಲ್ಲಿ ಬಿಡಬೇಕು ಅನ್ನುವುದು ಕೈಪಿಡಿಯಲ್ಲಿದೆ, ಹೊರಡುವ ಮುಂಚೆ ಅದನ್ನೂ ಓದಿಕೊಳ್ಳಿ.