‘ಆಮೇಲೆ ಏನಾಯ್ತು, ಗೌಡ್ರೇ?’

ಮಳೆಗಾಲ ಬಂದು ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಕೆಲಸ ಶುರುವಾಯಿತು ಅಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಒಂದೇ ಥರದ ಸುದ್ದಿ ಬರುತ್ತದೆ. ಯಾರೋ ಮರದಿಂದ ಬಿದ್ದರಂತೆ. ಬಿದ್ದವರನ್ನು ಆಸ್ಪತ್ರೆಗೆ ಸಾಗಿಸುತ್ತಾರೆ. ಕೆಳಗೆ ನಿಂತು ನೋಡಿದವರು ಸುಮ್ನೆ ಮನೆಗೆ ಹೋಗುತ್ತಾರೆ. ತಿಂಗಳುಗಟ್ಟಲೆ ಆದ ಮೇಲೆ ಅವರಲ್ಲಿ ಕೆಲವರು ಮಾತಿನ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವ ನನ್ನ ಹತ್ತಿರ ಬರುತ್ತಾರೆ. ಅದೂ ಗ್ಯಾಸ್ಟ್ರಿಕ್ ಅಂತಲೋ ಎದೆ ಡವಡವ ಅಂತಲೋ ಇರುವ ಡಾಕ್ಟರನ್ನೆಲ್ಲ ಸುತ್ತಿದ ಮೇಲೆ. ಇಂಥವರು ಪ್ರತಿ ವರ್ಷ ಬರುತ್ತಾರೆ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಐವತ್ತು ದಾಟಿದ ತೋಟದ ಯಜಮಾನರು. ಗೌಡರು ಅಂತ ಕರೆಯೋಣ. ಅವರ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದ ಕೊನೆಗಾರ, ಅಂದರೆ ಅಡಿಕೆ ಮರ ಹತ್ತುವ ಕೆಲಸದವನು, ಮರದಿಂದ ಬಿದ್ದ. ಬೆನ್ನುಹುರಿಗೆ ಪೆಟ್ಟಾಯಿತು. ಜೀವ ಉಳಿಯಿತು, ಕಾಲಿಗೆ ಶಕ್ತಿ ಬರಲಿಲ್ಲ. ಗೌಡರು ಆಸ್ಪತ್ರೆ ಬಿಲ್ಲು ಕಟ್ಟಿದರು, ಅವನ ಮನೆಗೆ ಅಕ್ಕಿ ಕಳಿಸಿದರು. ಅವನನ್ನು ನೋಡಲು ಮಾತ್ರ ಹೋಗಲಿಲ್ಲ. ತೋಟಕ್ಕೆ ಇಳಿಯುವುದನ್ನೂ ಬಿಟ್ಟರು. ಮನೆ ಇರುವುದೇ ತೋಟದ ಅಂಚಿಗೆ. ಒಣಗಿದ ಸೋಗೆ, ಅಂದರೆ ಅಡಿಕೆ ಗರಿ, ಹಾಳೆ ಸಮೇತ ದೊಪ್ಪೆಂದು ಬಿದ್ದರೆ ಸಾಕು, ಊಟ ಮಾಡುತ್ತಿದ್ದವರು ಎದ್ದುಬಿಡುತ್ತಿದ್ದರು. ಅಡಿಕೆ ತೋಟದಲ್ಲಿ ಸೋಗೆ ಬೀಳದ ದಿನ ಉಂಟೇ? ರಾತ್ರಿ ಮೆಡಿಕಲ್ ಶಾಪಿನಿಂದ ತಂದ ನಿದ್ದೆ ಮಾತ್ರೆ, ಅದು ಸಾಲದೆ ಎರಡು ಪೆಗ್ಗು.

‘ನಮ್ಮನೆಯವರಿಗೆ ಸಿಟ್ಟು ಜಾಸ್ತಿ ಆಗಿದೆ ಮೇಡಂ’ ಅಂತ ಕರೆದುಕೊಂಡು ಬಂದವರು ಹೆಂಡತಿ. ನಾನು ಮೊದಲು ಮನೋವೈದ್ಯರ ಹತ್ತಿರ ಕಳಿಸಿದೆ. ನಿದ್ದೆ ಮಾತ್ರೆಯೂ ಕುಡಿತವೂ ಸೇರಿದರೆ ಉಸಿರಾಟಕ್ಕೇ ಅಪಾಯ. ದಿನಾ ತೆಗೆದುಕೊಳ್ಳುವವರು ಒಂದೇ ಸಲಕ್ಕೆ ನಿಲ್ಲಿಸಿದರೂ ಅಪಾಯ. ಇದು ನಮ್ಮ ಕಡೆ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಗೌಡರು ನಡೆದದ್ದನ್ನು ಹೇಳಲು ಕೂತಾಗಲೆಲ್ಲ ಎರಡೇ ವಾಕ್ಯ. ‘ಇದೊಂದು ಸಾಲು ಮುಗಿಸಿಬಿಡು ಅಂದೆ. ದೊಪ್ ಅಂತ ಶಬ್ದ ಬಂತು.’ ಅಲ್ಲಿಗೆ ಬಾಯಿ ಕಟ್ಟುತ್ತಿತ್ತು. ಕುಡಿತ ಹತೋಟಿಗೆ ಬಂದು, ಹೆದರಿಕೆ ಏರಿದಾಗ ಉಸಿರು ಹಿಡಿತಕ್ಕೆ ತರುವುದನ್ನು ಕಲಿತ ಮೇಲೆ ಒಂದು ದಿನ ಅಲ್ಲಿಂದಲೇ ಮುಂದೆ ಕೇಳಿದೆ.

‘ಆಮೇಲೆ ಏನಾಯ್ತು, ಗೌಡ್ರೇ?’

‘ಆಮೇಲೆ ಏನೂ ಇಲ್ಲ.’

‘ಆಸ್ಪತ್ರೆಗೆ ಯಾರು ಕರ್ಕೊಂಡು ಹೋಗಿದ್ದು?’

‘ನಾನೇ. ಹಲಗೆ ಮೇಲೆ ಮಲಗಿಸಿ ಜೀಪಿಗೆ ಹಾಕಿದ್ವಿ.’

‘ನೀವು ಜೀಪಲ್ಲಿ ಎಲ್ಲಿ ಕೂತಿದ್ರಿ?’

ಬಹಳ ಹೊತ್ತು ಮಾತಿಲ್ಲ. ಎರಡೂ ಕೈ ತಮಗೇ ಗೊತ್ತಿಲ್ಲದೆ ಏನೋ ಹಿಡಿದ ಹಾಗೆ ಮುಂದೆ ಬಂದವು. ‘ಹಿಂದೆ. ಅವನ ತಲೆ ಅಲ್ಲಾಡದ ಹಾಗೆ ಹಿಡ್ಕೊಂಡಿದ್ದೆ. ಮಂಡಗದ್ದೆ ದಾಟುವಾಗ ಕೇಳಿದ. ಗೌಡ್ರೇ, ನನ್ನ ಕಾಲು ಇದ್ಯಾ, ಗೊತ್ತಾಗ್ತಿಲ್ಲ ಅಂದ. ಇದೆ ಕಣೋ, ಇಲ್ಲೇ ಇದೆ ಅಂದೆ. ಶಿವಮೊಗ್ಗ ಬರೋವರೆಗೂ ಅದನ್ನೇ ಹೇಳ್ತಾ ಇದ್ದೆ.’

ಆಮೇಲೆ ಅತ್ತರು. ಅತ್ತು ಮುಗಿಸಿ ಹೇಳಿದರು, ‘ಅವತ್ತು ಹಿಡ್ಕೊಂಡಿದ್ದೆ ಮೇಡಂ. ಆಮೇಲೆ ಕೈಬಿಟ್ಟೆ.’

ಭಯಾನಕವಾದದ್ದನ್ನು ಕಂಡವರ ನೆನಪು ಎಷ್ಟೋ ಸಲ ಅತಿ ಕೆಟ್ಟ ಗಳಿಗೆಯಲ್ಲೇ ನಿಂತುಬಿಡುತ್ತದೆ. ಹಾಗಾಗಿ ಅದು ಈಗಲೂ ನಡೆಯುತ್ತಿದೆ ಅಂತಲೇ ಮೈ ನಂಬುತ್ತದೆ. ತರಬೇತಿ ಇರುವವರ ಜೊತೆ ಕೂತು ಅದನ್ನು ಕೊನೆಯವರೆಗೆ, ಮತ್ತೆ ಮತ್ತೆ ಹೇಳಿದಾಗ ‘ಅದು ಅವತ್ತಿನದು’ ಅನ್ನುವುದು ನಿಧಾನಕ್ಕೆ ಒಳಗೆ ಇಳಿಯುತ್ತದೆ. ತಪ್ಪಿಸಿಕೊಂಡ ಜಾಗಕ್ಕೆ ಹೆಜ್ಜೆ ಹೆಜ್ಜೆಯಾಗಿ ಮರಳುವುದೂ ಈ ಚಿಕಿತ್ಸೆಯ ಭಾಗವೇ. ಸಾಮಾನ್ಯವಾಗಿ 8ರಿಂದ 12 ಭೇಟಿ ಬೇಕು. ಆದರೆ ಘಟನೆ ನಡೆದ ಮಾರನೆಯ ದಿನವೇ ಎಲ್ಲರನ್ನೂ ಕೂರಿಸಿ ‘ಹೇಳಿ, ಹೇಳಿ’ ಅಂತ ಬಲವಂತ ಮಾಡಿದರೆ ಪ್ರಯೋಜನವಿಲ್ಲ, ಕೆಲವರಿಗೆ ತೊಂದರೆಯೂ ಆಗಬಹುದು. ಆಗ ಬೇಕಾದದ್ದು ನಿದ್ದೆ, ಊಟ, ಜೊತೆಗೊಬ್ಬರು. ಹೆಚ್ಚಿನವರು ಅಷ್ಟರಲ್ಲೇ ಚೇತರಿಸಿಕೊಳ್ಳುತ್ತಾರೆ.

ಇನ್ನು ನಾನು ಕೊಟ್ಟ ಸಲಹೆ. ಇದಕ್ಕೆ ಅವರ ಮನೆಯವರು ನನ್ನ ಮೇಲೆ ಮುನಿಸಿಕೊಂಡರು. ‘ನಿಮ್ಮ ತಪ್ಪೇನಿಲ್ಲ, ಅವನ ಹಣೆಬರಹ’ ಅಂತ ನೆಂಟರೆಲ್ಲ ಹೇಳಿಯಾಗಿತ್ತು. ನಾನೂ ಅದನ್ನೇ ಹೇಳಬೇಕಿತ್ತಂತೆ. ಹೇಳಲಿಲ್ಲ. ಬದಲಿಗೆ ಒಂದು ಹಾಳೆಯ ಮೇಲೆ ಆ ಬೀಳುವಿಕೆಗೆ ಏನೇನು ಕಾರಣ ಅಂತ ಅವರ ಕೈಯಲ್ಲೇ ಬರೆಸಿದೆ. ಮಳೆಯಲ್ಲಿ ಜಾರುವ ಮರ. ಸೊಂಟಕ್ಕೆ ಹಗ್ಗ ಕಟ್ಟದೆ ಹತ್ತುವ ರೂಢಿ. ಮಳೆ ಬಿಟ್ಟು ಹೊಳವಾದ ಎರಡು ದಿನದಲ್ಲಿ ಇಡೀ ತೋಟ ಮುಗಿಸುವ ಅವಸರ. ಕೊನೆಗಾರನ ಸ್ವಂತ ಅಂದಾಜು. ಕೊನೆಗೆ ಗೌಡರ ಆ ಒಂದು ಮಾತು. ಎಲ್ಲಕ್ಕೂ ಪಾಲು ಹಾಕಿ ಅಂದೆ. ಅವರ ಪಾಲು ಅವರು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಸೊನ್ನೆಯೂ ಆಗಿರಲಿಲ್ಲ. ಆ ಉಳಿದ ಪಾಲನ್ನು ಯಾವ ಸಮಾಧಾನದ ಮಾತೂ ಅಳಿಸುವುದಿಲ್ಲ ಅನ್ನುವುದು ನನ್ನ ನಂಬಿಕೆ. ಏನಾದರೂ ಮಾಡಬೇಕಾಗುತ್ತದೆ.

ಹೋಗಿ ಅವನನ್ನು ನೋಡಿ ಅಂದೆ. ‘ಹೋದರೆ ತಪ್ಪು ಒಪ್ಪಿಕೊಂಡ ಹಾಗೆ, ನಾಳೆ ದುಡ್ಡು ಕೇಳ್ತಾರೆ’ ಅಂದರು ಭಾವಮೈದ. ಕೇಳಿದರೆ ಕೇಳಲಿ, ಅದು ವಕೀಲರು ನೋಡಿಕೊಳ್ಳುವ ವಿಷಯ. ನನಗಿದ್ದ ಅಳುಕೇ ಬೇರೆ. ತನ್ನ ಮನಸ್ಸು ಹಗುರ ಮಾಡಿಕೊಳ್ಳಲು ಮಲಗಿದವನ ಮುಂದೆ ಹೋಗಿ ಅಳುವುದು ಅವನ ಮೇಲೆ ಇನ್ನೊಂದು ಹೊರೆ, ಅಲ್ವಾ? ಹಾಗಾಗಿ ಮೊದಲು ಅವನ ಹೆಂಡತಿಗೆ ಫೋನ್ ಮಾಡಿ, ಬರಬಹುದಾ ಅಂತ ಕೇಳಿ. ಬೇಡ ಅಂದರೆ ಹೋಗಬೇಡಿ. ಹೋದರೂ ಕ್ಷಮೆ ಕೊಡು ಅಂತ ಪಟ್ಟು ಹಿಡಿಯಬೇಡಿ ಅಂತ ಹೇಳಿ ಕಳಿಸಿದೆ.

ಬನ್ನಿ ಅಂದರಂತೆ. ಏನು ಮಾತಾಡಿದರು ಅಂತ ಗೌಡರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಈಗ ಅವರ ತೋಟದಲ್ಲಿ ನೆಲದ ಮೇಲೆ ನಿಂತೇ ಫೈಬರ್ ದೋಟಿಯಲ್ಲಿ ಔಷಧಿ ಹೊಡೆಸುತ್ತಾರೆ. ಸೋಗೆ ಬಿದ್ದರೆ ಇವತ್ತಿಗೂ ಬೆಚ್ಚುತ್ತಾರೆ, ಆದರೆ ಊಟ ಬಿಟ್ಟು ಏಳುವುದಿಲ್ಲ.

ಒಂದು ತಿಂಗಳು ದಾಟಿದರೂ ಕಂಡದ್ದೇ ಕಣ್ಣ ಮುಂದೆ ಬರುತ್ತಿದ್ದರೆ, ನಿದ್ದೆ ಕೆಟ್ಟರೆ, ಆ ಜಾಗಕ್ಕೆ ಹೋಗಲೇ ಆಗದಿದ್ದರೆ ತಡ ಮಾಡಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಅಷ್ಟು ದೂರ ಬರಲಾಗದವರು 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಉಚಿತ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು. ಹೋದಾಗ ಬರೀ ಗ್ಯಾಸ್ಟ್ರಿಕ್ ಅಂತ ಹೇಳಿ ಬರಬೇಡಿ. ಏನು ನೋಡಿದಿರಿ ಅನ್ನುವುದನ್ನೂ ಒಂದೆರಡು ಮಾತಲ್ಲಿ ಹೇಳಿ.