ಹಾರ್ಮೋನ್ ಮಾತ್ರೆ ಅಂದರೆ ಕ್ಯಾನ್ಸರ್ ಅಂತ ಓದಿದ್ದೀರಾ? ಆ ಅಧ್ಯಯನವನ್ನು ಪೂರ್ತಿ ಓದಿ

ಹಾರ್ಮೋನ್ ಎಂದರೇನು, ಮುಟ್ಟು ಯಾಕೆ ನಿಲ್ಲುತ್ತದೆ ಎಂದೆಲ್ಲ ಇಲ್ಲಿ ವಿವರಿಸುವುದಿಲ್ಲ. ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳಬಹುದಾ ಅನ್ನುವ ಕೆಳಗಿನ ಮೊದಲನೇ ಪ್ರಶ್ನೆ ಮಾತ್ರ ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತಿದೆ. ಅದರ ಹಿಂದಿರುವ ಹೆದರಿಕೆಯಿಂದ ಎಷ್ಟೋ ಹೆಂಗಸರು ಸುಮ್ನೆ ನರಳುತ್ತಿದ್ದಾರೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ನನಗೆ 51 ವರ್ಷ. ಮುಟ್ಟು ನಿಂತು ಒಂದೂವರೆ ವರ್ಷವಾಯಿತು. ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತದೆ, ರಾತ್ರಿ ನಿದ್ದೆಯಿಲ್ಲ. ವೈದ್ಯರು ಹಾರ್ಮೋನ್ ಚಿಕಿತ್ಸೆ ಬರೆದುಕೊಟ್ಟಿದ್ದಾರೆ. ಆದರೆ ಅಮೆರಿಕ ಸರ್ಕಾರದ ಅಧ್ಯಯನದಲ್ಲೇ ಸ್ತನ ಕ್ಯಾನ್ಸರ್ ಶೇ 26ರಷ್ಟು ಹೆಚ್ಚಾಯಿತು ಅಂತ ಓದಿದೆ. ತೆಗೆದುಕೊಳ್ಳಲಾ, ಬೇಡವಾ?

ಉತ್ತರ: ನೀವು ಓದಿದ ಅಂಕಿ ಸುಳ್ಳಲ್ಲ. ಆದರೆ ನಿಮ್ಮ ಕೈಗೆ ಸಿಕ್ಕಿದ್ದು ಅರ್ಧ ಮಾತ್ರ.

ಆ ಅಧ್ಯಯನದ ಹೆಸರು ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್ 1991ರಲ್ಲಿ ಇದನ್ನು ಶುರು ಮಾಡಿತು. ಆಗ ಆ ಸಂಸ್ಥೆಯ ಮುಖ್ಯಸ್ಥೆಯಾಗಿದ್ದವರು ಬರ್ನಡೀನ್ ಹೀಲಿ, ಆ ಹುದ್ದೆಗೇರಿದ ಮೊದಲ ಮಹಿಳೆ. 50ರಿಂದ 79 ವರ್ಷದ 1,61,808 ಮಹಿಳೆಯರು ಇದಕ್ಕೆ ಸೇರಿದರು. ಅವರಲ್ಲಿ ಗರ್ಭಕೋಶ ಇದ್ದ 16,608 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈಸ್ಟ್ರೋಜೆನ್ (ಮುಟ್ಟು ನಿಂತಾಗ ಕಡಿಮೆಯಾಗುವ ಹೆಣ್ಣು ಹಾರ್ಮೋನ್) ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹೆಣ್ಣು ಹಾರ್ಮೋನ್‌ನಂತೆ ಕೆಲಸ ಮಾಡುವ ಔಷಧಿ) ಸೇರಿದ ಮಾತ್ರೆ, ಇನ್ನೊಂದಕ್ಕೆ ಔಷಧಿಯಿಲ್ಲದ ಮಾತ್ರೆ ಕೊಟ್ಟರು.

ಇಲ್ಲಿ ಗಮನಿಸಿ. ಮೈ ಬಿಸಿಯೇರುವುದು ಕಡಿಮೆಯಾಗುತ್ತದಾ ಅನ್ನುವುದು ಅವರ ಮುಖ್ಯ ಪ್ರಶ್ನೆಯಾಗಿರಲಿಲ್ಲ. ಅದಕ್ಕೆ ಈಸ್ಟ್ರೋಜೆನ್ ಕೆಲಸ ಮಾಡುತ್ತದೆ ಅನ್ನುವುದು ಮೊದಲೇ ಗೊತ್ತಿತ್ತು. ಅವರು ಕೇಳಿದ್ದು, ಮುಟ್ಟು ನಿಂತವರಿಗೆಲ್ಲ ಹಾರ್ಮೋನ್ ಕೊಟ್ಟರೆ ಹೃದಯಾಘಾತ ತಪ್ಪುತ್ತದಾ ಎಂದು. ಆಗ ಬಹಳಷ್ಟು ವೈದ್ಯರು ಹಾಗೇ ನಂಬಿ ಮಾತ್ರೆ ಬರೆಯುತ್ತಿದ್ದರು. ಹಾರ್ಮೋನ್ ತೆಗೆದುಕೊಳ್ಳುವವರಲ್ಲಿ ಹೃದ್ರೋಗ ಕಡಿಮೆ ಕಾಣುತ್ತಿತ್ತು, ನಿಜ. ಆದರೆ ಅವರು ಮೊದಲಿಂದಲೂ ಜಾಸ್ತಿ ಓದಿದವರು, ಅನುಕೂಲಸ್ಥರು, ಆರೋಗ್ಯದ ಕಡೆ ಗಮನ ಕೊಡುವವರು. ಒಳ್ಳೆಯದಾಗಿದ್ದು ಮಾತ್ರೆಯಿಂದಲೋ ಅವರ ಬದುಕಿನಿಂದಲೋ ಹೇಗೆ ಗೊತ್ತಾಗಬೇಕು? ಗುಂಪು ಮಾಡಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಸರಾಸರಿ 5.2 ವರ್ಷ ನೋಡಿದ ಮೇಲೆ 2002ರಲ್ಲಿ ಆ ಭಾಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಹೃದಯಕ್ಕೆ ರಕ್ಷಣೆ ಸಿಗಲಿಲ್ಲ. ಬದಲಿಗೆ ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಸ್ತನ ಕ್ಯಾನ್ಸರ್ ಇವೆಲ್ಲ ಸ್ವಲ್ಪ ಹೆಚ್ಚಾಗಿದ್ದವು.

ಈಗ ನಿಮ್ಮ ಶೇ 26ಕ್ಕೆ ಬರೋಣ. ಔಷಧಿ ತೆಗೆದುಕೊಳ್ಳದ 10,000 ಮಹಿಳೆಯರಲ್ಲಿ ವರ್ಷಕ್ಕೆ 30 ಮಂದಿಗೆ ಸ್ತನ ಕ್ಯಾನ್ಸರ್ ಬಂತು, ತೆಗೆದುಕೊಂಡವರಲ್ಲಿ 38 ಮಂದಿಗೆ. ಹೆಚ್ಚಾಗಿದ್ದು 10,000ಕ್ಕೆ 8. ಇದನ್ನು ಕಡೆಗಣಿಸಿ ಅಂತ ನಾನು ಹೇಳುತ್ತಿಲ್ಲ. ಆ ಎಂಟು ಮಂದಿಯೂ ಮನುಷ್ಯರೇ. ಆದರೆ ಬರೀ 'ಶೇ 26' ಅಂತ ಬರೆದು ಉಳಿದದ್ದನ್ನು ಬಿಡುವವರ ಮೇಲೆ ನನಗೆ ಸಿಟ್ಟಿದೆ. ಅದೇ ಅಧ್ಯಯನದಲ್ಲಿ ಸೊಂಟದ ಮೂಳೆ ಮುರಿತ ಮತ್ತು ದೊಡ್ಡಕರುಳಿನ ಕ್ಯಾನ್ಸರ್ ಕಡಿಮೆಯಾಗಿದ್ದವು. ಗರ್ಭಕೋಶ ತೆಗೆಸಿಕೊಂಡಿದ್ದ 10,739 ಮಂದಿಗೆ ಬರೀ ಈಸ್ಟ್ರೋಜೆನ್ ಕೊಟ್ಟ ಭಾಗದಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಲೇ ಇಲ್ಲ. ಪಾರ್ಶ್ವವಾಯು ಹೆಚ್ಚಾಗಿದ್ದರಿಂದ 2004ರಲ್ಲಿ ಅದನ್ನೂ ನಿಲ್ಲಿಸಿದರು. ಎರಡೂ ಭಾಗಗಳ ಮಹಿಳೆಯರನ್ನು 18 ವರ್ಷ ಹಿಂಬಾಲಿಸಿ 2017ರಲ್ಲಿ ಲೆಕ್ಕ ಹಾಕಿದಾಗ, ಹಾರ್ಮೋನ್ ತೆಗೆದುಕೊಂಡವರಲ್ಲಿ ಒಟ್ಟು ಸಾವು ಹೆಚ್ಚಿರಲಿಲ್ಲ.

ಇನ್ನೊಂದು ಮುಖ್ಯ ಸಂಗತಿ ವಯಸ್ಸು. ಅಲ್ಲಿದ್ದವರ ಸರಾಸರಿ ವಯಸ್ಸು 63. ನಿಮಗೆ 51. 60 ದಾಟದವರಿಗೆ, ಮುಟ್ಟು ನಿಂತು 10 ವರ್ಷ ಆಗದವರಿಗೆ, ತೊಂದರೆ ಜೋರಾಗಿದ್ದರೆ, ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಜಾಸ್ತಿ. ಹಾಗಾಗಿ ನಿಮ್ಮ ವೈದ್ಯರು ಬರೆದುಕೊಟ್ಟಿದ್ದು ಸರಿಯಾಗಿಯೇ ಕಾಣುತ್ತದೆ.

ಆದರೆ ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ಕಾಲಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಯಕೃತ್ತಿನ ಜೋರು ಕಾಯಿಲೆ, ಕಾರಣ ಗೊತ್ತಿಲ್ಲದ ರಕ್ತಸ್ರಾವ, ಇವುಗಳಲ್ಲಿ ಯಾವುದಾದರೂ ಇದ್ದರೆ ಅಥವಾ ಹಿಂದೆ ಆಗಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಗರ್ಭಕೋಶ ಇದ್ದವರು ಬರೀ ಈಸ್ಟ್ರೋಜೆನ್ ಮಾತ್ರೆ ತೆಗೆದುಕೊಳ್ಳಲೇಬಾರದು. ಗರ್ಭಕೋಶದ ಒಳಪದರಕ್ಕೆ ಕ್ಯಾನ್ಸರ್ ಬರುವ ಅಪಾಯವಿದೆ, ಜೊತೆಗೆ ಪ್ರೊಜೆಸ್ಟೆರಾನ್ ಬಗೆಯ ಔಷಧಿ ಬೇಕು. ರಕ್ತ ಹೆಪ್ಪುಗಟ್ಟುವ ಭಯವಿದ್ದರೆ ಚರ್ಮಕ್ಕೆ ಅಂಟಿಸುವ ಪ್ಯಾಚ್ ಬಗ್ಗೆ ಕೇಳಿ. ಈ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. ಹೃದಯ ಚೆನ್ನಾಗಿರಲಿ, ಚರ್ಮ ಹೊಳೆಯಲಿ ಅಂತ ಯಾರಿಗೂ ಬರೆಯುವುದಿಲ್ಲ. ಬರೆದವರನ್ನು ವರ್ಷಕ್ಕೊಮ್ಮೆ ಕರೆಸಿ, ಇನ್ನೂ ಬೇಕಾ ಅಂತ ಮತ್ತೆ ಕೂತು ಯೋಚಿಸುತ್ತೇನೆ.

ಪ್ರಶ್ನೆ: ಔಷಧಿ ಕಂಪನಿಗಳು ಇರುವಾಗ ಇಂಥ ಸಂಶೋಧನೆಗೆ ಜನರ ತೆರಿಗೆ ಹಣ ಯಾಕೆ?

ಉತ್ತರ: ಚೆನ್ನಾಗಿ ಮಾರಾಟವಾಗುತ್ತಿರುವ ಮಾತ್ರೆಯನ್ನು, ಅದನ್ನು ನುಂಗುತ್ತಿರುವ ಆರೋಗ್ಯವಂತರಲ್ಲಿ ವರ್ಷಗಟ್ಟಲೆ ಪರೀಕ್ಷಿಸಿ, 'ಹೃದಯಕ್ಕೆ ಪ್ರಯೋಜನವಿಲ್ಲ' ಅಂತ ತೋರಿಸುವ ಆಸಕ್ತಿ ಯಾವ ಕಂಪನಿಗೆ ಇರುತ್ತದೆ? ಮೇಲೆ ಹೇಳಿದ ಮಾತ್ರೆಯ ಪರೀಕ್ಷೆಗೆ ಸುಮಾರು 26 ಕೋಟಿ ಡಾಲರ್ ಖರ್ಚಾಯಿತು. ಅದರಿಂದ ಅಮೆರಿಕಕ್ಕೆ ಸುಮಾರು 3,710 ಕೋಟಿ ಡಾಲರ್ ನಿವ್ವಳ ಲಾಭವಾಯಿತು ಎಂದು 2014ರಲ್ಲಿ ಪ್ರಕಟವಾದ ಲೆಕ್ಕ ಹೇಳುತ್ತದೆ. ಮಾತ್ರೆಯ ಅವಶ್ಯಕತೆಯೇ ಇಲ್ಲದಿರಬಹುದು ಅನ್ನುವ ಪ್ರಶ್ನೆಯನ್ನೂ ಕೇಳಬಲ್ಲದ್ದು ಜನರ ಹಣವೇ. ಅಮೆರಿಕದಲ್ಲಿ ಜನರ ಹಣದಿಂದ ನಡೆದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಎಂಬ ಪರೀಕ್ಷೆ ನೋಡಿ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3,234 ಮಂದಿಯಲ್ಲಿ ಊಟ, ನಡಿಗೆ, ತೂಕದ ಕಡೆ ಗಮನ ಕೊಟ್ಟವರಿಗೆ ಕಾಯಿಲೆ ಶೇ 58ರಷ್ಟು ಕಡಿಮೆ ಬಂತು, ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದವರಿಗೆ ಶೇ 31ರಷ್ಟು.

ಪ್ರಶ್ನೆ: ಎಂಜಲು ಪರೀಕ್ಷೆ ಮಾಡಿ ನನಗೇ ಹೊಂದುವ 'ನೈಸರ್ಗಿಕ' ಹಾರ್ಮೋನ್ ಬೆರೆಸಿಕೊಡುತ್ತಾರಂತೆ. ಒಳ್ಳೆಯದಾ?

ಉತ್ತರ: ಬೇಡ. ಈ ವಯಸ್ಸಿನಲ್ಲಿ ಹಾರ್ಮೋನ್ ಮಟ್ಟ ದಿನಕ್ಕೊಂದು ಥರ ಇರುತ್ತದೆ, ಎಂಜಲು ನೋಡಿ ಪ್ರಮಾಣ ಹೇಳಲು ಬರುವುದಿಲ್ಲ. ದೇಹದ್ದೇ ರೂಪದ ಎಸ್ಟ್ರಡಯಾಲ್ (ಈಸ್ಟ್ರೋಜೆನ್‌ನ ಒಂದು ಬಗೆ), ಪ್ರೊಜೆಸ್ಟೆರಾನ್ ಎರಡೂ ಗುಣಮಟ್ಟದ ಪರೀಕ್ಷೆ ದಾಟಿದ ಔಷಧಿಗಳಾಗಿಯೇ ಸಿಗುತ್ತವೆ. ನಿಮ್ಮ ಹೆದರಿಕೆಯನ್ನು ದುಡ್ಡು ಮಾಡಿಕೊಳ್ಳುವವರ ಬಾಗಿಲಿಗೆ ಹೋಗಬೇಡಿ.

ಪ್ರಶ್ನೆ: ನಾನು ಗಂಡಸು, 45 ವರ್ಷ, ಯಾವಾಗಲೂ ಸುಸ್ತು. ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳಲಾ?

ಉತ್ತರ: ಬೆಳಿಗ್ಗೆ ಹೊತ್ತು, ಎರಡು ಬೇರೆ ದಿನ ರಕ್ತ ಪರೀಕ್ಷೆಯಾಗದೆ ಆ ಮಾತೇ ಬೇಡ, ಮಕ್ಕಳು ಬೇಕೆಂದಿದ್ದರೆ ಇನ್ನೂ ಬೇಡ, ವೀರ್ಯಾಣು ಕುಸಿಯುತ್ತವೆ.

ಪ್ರಶ್ನೆ: ತಂದೆಗೆ 72. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸ ಮಾಡಿಸುವ ಹಾರ್ಮೋನ್) 6.2, ಅಂದರೆ ಸ್ವಲ್ಪ ಜಾಸ್ತಿ, ಟಿ4 (ಥೈರಾಯ್ಡ್ ಗ್ರಂಥಿಯದೇ ಹಾರ್ಮೋನ್) ಸರಿಯಿದೆ. ಥೈರಾಯ್ಡ್ ಮಾತ್ರೆ ಶುರು ಮಾಡಬೇಕಾ?

ಉತ್ತರ: ಅವಸರ ಬೇಡ. ಯುರೋಪಿನಲ್ಲಿ ಸಾರ್ವಜನಿಕ ಹಣದಿಂದ ನಡೆದ ಟ್ರಸ್ಟ್ ಎಂಬ ಪರೀಕ್ಷೆಯಲ್ಲಿ, 65 ದಾಟಿದ ಇಂಥ 737 ಮಂದಿಗೆ ಮಾತ್ರೆಯಿಂದ ಸುಸ್ತು ಕಡಿಮೆಯಾಗಲಿಲ್ಲ. ಎರಡು ಮೂರು ತಿಂಗಳು ಬಿಟ್ಟು ಪರೀಕ್ಷೆ ಮತ್ತೆ ಮಾಡಿಸಿ, ಆ ವರದಿ ಹಿಡಿದು ನಿಮ್ಮ ವೈದ್ಯರ ಹತ್ತಿರ ಹೋಗಿ.