ಓದುಗರ ಪ್ರಶ್ನೆ: ಸ್ನೋಮೊಬೈಲ್ ಸೀಟು ಎತ್ತರ ಮಾಡೋದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಾನು ದಾವಣಗೆರೆ ಕಡೆಯವನು, ಹನ್ನೊಂದು ವರ್ಷದಿಂದ ಮಿನ್ನೆಸೋಟದ ಡುಲೂತ್ ಹತ್ರ ಇದೀನಿ. ಎರಡು ಚಳಿಗಾಲದ ಹಿಂದೆ ಸೆಕೆಂಡ್ ಹ್ಯಾಂಡ್ ಸ್ನೋಮೊಬೈಲ್ ತಗೊಂಡೆ, 2009ರ ಮಾಡೆಲ್ಲು. ನನ್ನ ಎತ್ತರ 6 ಅಡಿ 1 ಇಂಚು, ತೂಕ 96 ಕೆಜಿ. ಒಂದು ಗಂಟೆ ಓಡಿಸೋ ಹೊತ್ತಿಗೆ ಮಂಡಿ ಹಿಡ್ಕೊಳ್ಳುತ್ತೆ, ಹಳ್ಳದಿಣ್ಣೆ ಬಂದಾಗ ಎದ್ದು ನಿಲ್ಲೋಕೇ ಕಷ್ಟ, ಧಡ್ ಅಂತ ಕೂತ್ರೆ ಕೆಳಗಿನ ಪ್ಲಾಸ್ಟಿಕ್ ತಗಲಿ ಬೆನ್ನಿನವರೆಗೂ ಏಟು ಬೀಳುತ್ತೆ. ಇಲ್ಲೊಂದು ಅಂಗಡಿಯಲ್ಲಿ 3 ಇಂಚು ಎತ್ತರದ ಹೊಸ ಸೀಟು ಹಾಕ್ಸಿ ಅಂದ್ರು, ರೇಟು ಕೇಳಿ ಸುಮ್ಮನೆ ವಾಪಸ್ ಬಂದೆ. ಇರೋ ಸೀಟಿನ ಮೇಲೇನೇ ಒಂದು ಸ್ಪಂಜು ಹಾಕಿ ನಾನೇ ಎತ್ತರ ಮಾಡ್ಕೋಬೋದಾ?

ಉತ್ತರ: ನೀವೇ ಮಾಡ್ಕೋಬೋದು, ಆದ್ರೆ ಮೇಲೆ ಸ್ಪಂಜು ಹಾಕೋ ಕೆಲಸ ಮಾತ್ರ ಬೇಡ. ನಾನು ಪಿಯುಸಿ ಓದೋವಾಗಿಂದ ತುಮಕೂರಲ್ಲಿ ನಮ್ಮ ಸೋದರಮಾವನ ಕುಶನ್ ಅಂಗಡಿಯಲ್ಲಿ ಲಾರಿ ಸೀಟು, ಬೈಕ್ ಸೀಟು ಹೊಲೀತಾ ಬೆಳೆದವನು, ಆಮೇಲೆ ಒಂಟಾರಿಯೊದ ಸಡ್ಬರಿಯಲ್ಲಿ ಹದಿನಾಲ್ಕು ಚಳಿಗಾಲ ಕಳೆದೆ, ಅಲ್ಲಿ ಸ್ನೇಹಿತರ ಸ್ನೋಮೊಬೈಲ್ ಸೀಟು ಎಷ್ಟು ಬಿಚ್ಚಿದೀನೋ ಲೆಕ್ಕ ಇಲ್ಲ. ಸೀಟು ಗಿಡ್ಡ ಆಯ್ತು ಅಂತ ಬಂದವರಲ್ಲಿ ಹೆಚ್ಚಿನವರ ಸೀಟು ಗಿಡ್ಡ ಇರ್ಲಿಲ್ಲ, ಮೆತ್ತಗಾಗಿತ್ತು. ಕಣ್ಣಿಗೆ 5 ಇಂಚು ಕಾಣೋ ಫೋಮು ಮನುಷ್ಯ ಕೂತ ಮೇಲೆ ಎಷ್ಟು ಉಳಿಯುತ್ತೆ ಅನ್ನೋದೇ ನಿಜವಾದ ಎತ್ತರ.

ಊರಲ್ಲಿ ಈ ಗಾಡಿ ನೋಡಿರದ ಓದುಗರಿಗೆ ಎರಡು ಮಾತು. ಮುಂದೆ ಎರಡು ಸ್ಕೀ, ಹಿಂದೆ ರಬ್ಬರಿನ ಅಗಲವಾದ ಪಟ್ಟಿ, ಹಿಮದ ಮೇಲೆ ಓಡೋ ಗಾಡಿ ಇದು. ಕೆನಡಾದ ಕ್ವಿಬೆಕ್‌ನ ವಾಲ್ಕೋರ್ ಊರಿನ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್ 1959ರಲ್ಲಿ ಸ್ಕೀ-ಡೂ ಅನ್ನೋ ಚಿಕ್ಕ ಗಾಡಿ ಮಾರುಕಟ್ಟೆಗೆ ತಂದ ಮೇಲೆ ಇದು ಮನೆಮನೆಗೆ ಬಂತು. ಹಳೇ ಗಾಡಿಗಳಲ್ಲಿ ತಗ್ಗಾಗಿ ಹಿಂದಕ್ಕೆ ಕೂತು ಕಾಲು ಮುಂದಕ್ಕೆ ಚಾಚಬೇಕಿತ್ತು. 2003ರ ಸ್ಕೀ-ಡೂ ರೆವ್ ಮಾಡೆಲ್ ಬಂದ ಮೇಲೆ ಕೂರೋ ಜಾಗ ಮುಂದಕ್ಕೆ ಬಂತು, ಮಂಡಿ ಮಡಚಿ ಕುದುರೆ ಸವಾರನ ಥರ ಕೂರೋದು, ಹಳ್ಳದಿಣ್ಣೆ ಬಂದ ತಕ್ಷಣ ಎದ್ದು ನಿಲ್ಲೋದು, ಮತ್ತೆ ಕೂರೋದು. ಒಂದು ದಿನಕ್ಕೆ ನೂರಾರು ಸಲ ಈ ಬಸ್ಕಿ ಹೊಡೆಯೋವಾಗ ಸೀಟು ಒಂದು ಇಂಚು ತಗ್ಗಾದ್ರೂ ಮಂಡಿ ಲೆಕ್ಕ ಕೇಳುತ್ತೆ. ನಿಮ್ಮದು 2009ರದ್ದು ಅಂದ್ರೆ ಸಾಮಾನ್ಯವಾಗಿ ಈ ಹೊಸ ಥರದ ಕೂರುವಿಕೆಯದ್ದೇ ಇರುತ್ತೆ.

ಮೊದಲು ಒಂದು ಅಳತೆ ಮಾಡಿ, ಕತ್ತರಿ ಕೈಗೆ ತಗೊಳ್ಳೋ ಮುಂಚೆ. ಗಾಡಿ ಗರಾಜಲ್ಲಿ ಸಮನಾಗಿ ನಿಲ್ಲಿಸಿ, ಓಡಿಸೋವಾಗ ಹಾಕ್ಕೊಳ್ಳೋ ಬೂಟು, ಚಳಿ ಪ್ಯಾಂಟು ಎಲ್ಲಾ ಹಾಕ್ಕೊಂಡು ನೀವು ಕೂರೋ ಜಾಗದಲ್ಲೇ ಕೂತ್ಕೊಳ್ಳಿ. ಕಾಲಿಡೋ ಹಲಗೆಯಿಂದ ನಿಮ್ಮ ತೊಡೆ ಕೆಳಗಿನ ಸೀಟಿನವರೆಗೆ ಮನೆಯವರ ಕೈಲಿ ಟೇಪ್ ಹಿಡಿಸಿ ಅಳತೆ ಬರ್ಕೊಳ್ಳಿ. ಐದು ನಿಮಿಷ ಹಾಗೇ ಕೂತಿದ್ದು ಇನ್ನೊಂದು ಸಲ, ಎದ್ದ ಮೇಲೆ ಖಾಲಿ ಸೀಟಿನದ್ದು ಮತ್ತೊಂದು ಸಲ. ಖಾಲಿ ಸೀಟಿಗೂ ಕೂತ ಸೀಟಿಗೂ ಎರಡೂವರೆ ಇಂಚು ವ್ಯತ್ಯಾಸ ಬಂತು ಅಂತಿಟ್ಕೊಳ್ಳಿ, ಅದೇ ಜಾಗಕ್ಕೆ ಒಂದೇ ಇಂಚು ಕುಗ್ಗೋ ಗಟ್ಟಿ ಫೋಮು ಹಾಕಿದ್ರೆ ಸೀಟಿನ ಆಕಾರ ಕೂದಲಷ್ಟೂ ಬದಲಾಗದೆ ನಿಮಗೆ ಒಂದೂವರೆ ಇಂಚು ಎತ್ತರ ಸಿಗುತ್ತೆ, ಹಳೇ ಕವರೇ ಆಗುತ್ತೆ, ಹೊಸ ರೆಕ್ಸಿನ್ ಖರ್ಚೂ ಉಳೀತು. ಅದಾದ ಮೇಲೂ ಸಾಲಲ್ಲ ಅಂದ್ರೆ ಪ್ಲೈವುಡ್ ತುಂಡು, ಮಡಚಿದ ಯೋಗ ಮ್ಯಾಟು ಹೀಗೆ ಒಂದೊಂದೇ ಪದರ ಸೀಟಿನ ಮೇಲಿಟ್ಟು ಕೂತು ಎದ್ದು ನೋಡಿ, ಕೈ ಊರದೆ ಸಲೀಸಾಗಿ ಏಳೋಕಾಗೋ ಎತ್ತರ ಎಲ್ಲಿ ಅಂತ ಮೈಗೇ ಗೊತ್ತಾಗುತ್ತೆ.

ಈಗ ಸೀಟು ಗಾಡಿಯಿಂದ ಪೂರ್ತಿ ಬಿಚ್ಚಿ. ಇದನ್ನ ಒತ್ತಿ ಹೇಳ್ತಿದೀನಿ, ಯಾಕಂದ್ರೆ ಎಷ್ಟೋ ಗಾಡಿಗಳಲ್ಲಿ ಸೀಟಿನ ಅಡಿಯಲ್ಲೇ ಪೆಟ್ರೋಲ್ ಟ್ಯಾಂಕ್ ಇರುತ್ತೆ, ಗಾಡಿ ಮೇಲಿಟ್ಟು ಪಿನ್ ಹೊಡೆಯೋದು ಅಥವಾ ಡ್ರಿಲ್ ಹಾಕೋದು ಸರ್ವಥಾ ಬೇಡ. ಹಿಂದಿನ ಲೈಟು ಸೀಟಿಗೇ ಕೂತಿದ್ರೆ ಅದರ ವೈರಿನ ಕನೆಕ್ಟರ್ ಮೊದಲು ಬಿಡಿಸ್ಕೊಳ್ಳಿ. ಸೀಟು ಮಗುಚಿ ಹಾಕಿ, ಕವರ್ ಹಿಡಿದಿರೋ ಸ್ಟೇಪಲ್ ಪಿನ್ನು ಚಪ್ಪಟೆ ಸ್ಕ್ರೂಡ್ರೈವರ್ ಮೊನೆಯಿಂದ ಸ್ವಲ್ಪ ಎಬ್ಬಿಸಿ ಪ್ಲೈಯರ್‌ನಲ್ಲಿ ಎಳೀರಿ, ಹಿಂದಿನ ಮೂಲೆಯಿಂದ ಶುರು ಮಾಡಿ. ತುಕ್ಕು ಹಿಡಿದ ಪಿನ್ನು ಅರ್ಧಕ್ಕೆ ಮುರೀತಾವೆ, ಉಳಿದ ಚೂರನ್ನೂ ಬಿಡದೆ ತೆಗೀಬೇಕು, ಇಲ್ಲಾಂದ್ರೆ ನಾಳೆ ಅದೇ ರೆಕ್ಸಿನ್ ಹರಿಯುತ್ತೆ.

ಕವರ್ ತೆಗೆದ ತಕ್ಷಣ ಫೋಮಿನ ಮೇಲೆ ಅಂಗೈ ಇಟ್ಟು ಜೋರಾಗಿ ಒತ್ತಿ. ಸಡ್ಬರಿಯಲ್ಲಿ ಫೆಬ್ರವರಿಯಲ್ಲಿ ನನ್ನದೇ ಮೊದಲ ಗಾಡಿ ಸೀಟು ಬಿಚ್ಚಿದಾಗ ಒತ್ತಿದ್ರೆ ಒಳಗಿಂದ ಕರಕರ ಅಂತ ಸದ್ದು, ಮರಳು ಸೇರಿದೆ ಅಂದ್ಕೊಂಡೆ, ನೋಡಿದ್ರೆ ಫೋಮಿನ ತುಂಬ ಐಸ್ ಹರಳು. ಒಲೆ ಹತ್ರ ಇಟ್ಟ ಒಂದು ಗಂಟೆಗೆ ಕೆಳಗಿಟ್ಟ ತಟ್ಟೆ ತುಂಬಿ ಹರೀತು. ಹೊಲಿಗೆ ತೂತಿಂದ, ಹರಿದ ಮೂಲೆಯಿಂದ ನೀರು ಇಳಿಯುತ್ತೆ, ಹೊರಗೆ ಹೋಗೋಕೆ ದಾರಿ ಇರಲ್ಲ. 4 ಅಡಿ ಉದ್ದ, 1 ಅಡಿ ಅಗಲ, 4 ಇಂಚು ದಪ್ಪದ ಫೋಮು ಅಂದ್ರೆ ಹೆಚ್ಚೂಕಡಿಮೆ 38 ಲೀಟರ್ ಜಾಗ, ಅದರಲ್ಲಿ ಹತ್ತರ ಒಂದು ಪಾಲು ನೀರು ಹಿಡಿದ್ರೂ ಮೂರೂವರೆ ಕೆಜಿ ಮೇಲೆ ಭಾರ. ರಾತ್ರಿ ಅದು ಗಡ್ಡೆ ಕಟ್ಟಿ ಕಲ್ಲಾಗುತ್ತೆ, ಹಗಲು ಕರಗಿ ಪಾಯಸ. ಇಂಥ ಸೀಟಿಗೆ ಏನು ಎತ್ತರ ಮಾಡಿದ್ರೂ ವ್ಯರ್ಥ, ಮೊದಲು ಒಣಗಿಸಿ. ಬೆಚ್ಚಗಿನ ರೂಮಲ್ಲಿ ನಿಲ್ಲಿಸಿ ಫ್ಯಾನ್ ಹಾಕಿ ನಾಲ್ಕೈದು ದಿನ ಬಿಡಿ, ಹೀಟರಿಗೆ ಅಂಟಿಸಿ ಇಡಬೇಡಿ, ಫೋಮಿಗೆ ಬೆಂಕಿ ಬೇಗ ಹತ್ತುತ್ತೆ. ಒಣಗಿದ ಮೇಲೂ ಒತ್ತಿದ ಜಾಗ ಹಾಗೇ ಹಳ್ಳ ಉಳಿದ್ರೆ ಆ ಫೋಮಿನ ಆಯಸ್ಸು ಮುಗೀತು.

ಫೋಮು ಕೊಳ್ಳೋವಾಗ ಜನ ಮೋಸ ಹೋಗೋದು ಡೆನ್ಸಿಟಿ ಅನ್ನೋ ಮಾತಿನಲ್ಲಿ. ಡೆನ್ಸಿಟಿ ಅಂದ್ರೆ ಅಷ್ಟು ಜಾಗದಲ್ಲಿ ಎಷ್ಟು ಮಾಲು ಇದೆ ಅಂತ, ಎಷ್ಟು ವರ್ಷ ಬಾಳಿಕೆ ಬರುತ್ತೆ ಅನ್ನೋದಕ್ಕೆ ಅದು ಗುರುತು, ಗಟ್ಟಿ ಅನ್ನೋದಕ್ಕಲ್ಲ. ಗಟ್ಟಿತನಕ್ಕೆ ಅಮೆರಿಕ, ಕೆನಡಾದಲ್ಲಿ ಐಎಲ್‌ಡಿ ಅನ್ನೋ ಬೇರೆ ನಂಬರ್ ಇದೆ, 4 ಇಂಚು ದಪ್ಪದ ಫೋಮನ್ನ 8 ಇಂಚು ಅಗಲದ ದುಂಡು ತಟ್ಟೆಯಲ್ಲಿ ಕಾಲು ಭಾಗ ಕುಗ್ಗಿಸೋಕೆ ಎಷ್ಟು ಪೌಂಡ್ ಬಲ ಬೇಕು ಅನ್ನೋ ಲೆಕ್ಕ. ಸೋಫಾದಲ್ಲಿ ಕೂರೋ ಫೋಮು 30, 35ರ ಆಸುಪಾಸಲ್ಲಿ ಇರುತ್ತೆ, ನಿಮ್ಮ ತೂಕಕ್ಕೆ, ಈ ಕೆಲಸಕ್ಕೆ ಅದು ಏನೂ ಅಲ್ಲ, 60, 70ರದ್ದು ಕೇಳಿ. ಇನ್ನೂ ಒಳ್ಳೇದು ಅಂದ್ರೆ ನಮ್ಮೂರ ಹಾಸಿಗೆ ಅಂಗಡಿಯವರು ರಿಬಾಂಡೆಡ್ ಅಂತಾರಲ್ಲ, ಚೂರು ಫೋಮು ಒತ್ತಿ ಅಂಟಿಸಿದ್ದು, ಅದು ತಳಕ್ಕೆ ಬಹಳ ಚೆನ್ನಾಗಿ ಕೂರುತ್ತೆ, ಆದ್ರೆ ನೀರು ಕುಡಿಯುತ್ತೆ. ನೀರು ಕುಡಿಯದ್ದು ಬೇಕು ಅಂದ್ರೆ ಕ್ಲೋಸ್ಡ್ ಸೆಲ್ ಫೋಮು, ಯೋಗ ಮ್ಯಾಟಿನ ಜಾತಿಯದ್ದು. ಅದು ತೀರಾ ಗಟ್ಟಿ, ಒಂದು ಇಂಚಿಗಿಂತ ಜಾಸ್ತಿ ಹಾಕಿದ್ರೆ ಮರದ ಮಣೆ ಮೇಲೆ ಕೂತಂಗಾಗುತ್ತೆ, ನನಗೆ ಅದು ತಳಕ್ಕೆ ಹಾಕೋಕೆ ಮಾತ್ರ ಇಷ್ಟ.

ಇನ್ನೊಂದು ವಿಷಯ ಯಾವ ಅಂಗಡಿಯವರೂ ಹೇಳಲ್ಲ. ಅಂಗಡಿಯ ಬೆಚ್ಚಗಿನ ಗಾಳಿಯಲ್ಲಿ ಒತ್ತಿ ನೋಡಿದ ಫೋಮೇ ಬೇರೆ, ಮೈನಸ್ 25 ಡಿಗ್ರಿಯಲ್ಲಿ ಅದೇ ಫೋಮೇ ಬೇರೆ. ಚಳಿಗೆ ಪಾಲಿಯುರೆಥೇನ್ ಬಿಗಿಯುತ್ತೆ. ಒಂದು ಚೂರು ಸ್ಯಾಂಪಲ್ ತಂದು ರಾತ್ರಿ ಪೂರ್ತಿ ಹೊರಗೆ ಹಿಮದಲ್ಲಿಟ್ಟು ಬೆಳಿಗ್ಗೆ ಅದರ ಮೇಲೆ ಕೂತು ನೋಡಿ ಆಮೇಲೆ ದುಡ್ಡು ಕೊಡಿ.

ಕೂಡಿಸೋ ಕ್ರಮ ಹೀಗೆ. ಹಳೇ ಫೋಮಿನ ಮೇಲ್ಭಾಗ ಚೆನ್ನಾಗಿದ್ರೆ ಅದನ್ನ ಎಸೀಬೇಡಿ, ಆ ಅಚ್ಚಿನ ಆಕಾರ ಕೈಯಲ್ಲಿ ಕೆತ್ತೋದು ಸುಲಭ ಅಲ್ಲ. ಮೇಲಿಂದ ಒಂದೂವರೆ ಇಂಚು ಕೆಳಗೆ ಸುತ್ತಲೂ ಮಾರ್ಕರ್‌ನಲ್ಲಿ ಗೆರೆ ಎಳೆದು ಅಡ್ಡಕ್ಕೆ ಸೀಳಿ, ದೋಸೆ ಮಗುಚಿದಂಗೆ ಮೇಲಿನ ಪದರ ಎತ್ತಿಡಿ. ಮಾಂಸ ಕೊಯ್ಯೋ ಕರೆಂಟ್ ಚಾಕು ಇದಕ್ಕೆ ಬೆಣ್ಣೆ ಥರ ಕೆಲಸ ಮಾಡುತ್ತೆ, ಅಲ್ಲಿ ಪ್ರತಿ ಅಡುಗೆಮನೆ ಸಾಮಾನಿನ ಅಂಗಡಿಯಲ್ಲೂ ಸಿಗುತ್ತೆ. ಕೆಳಗಿನ ಹಾಳಾದ ಭಾಗ ತೆಗೆದು ಆ ಜಾಗಕ್ಕೆ ಗಟ್ಟಿ ಫೋಮು ಕೂರಿಸಿ, ಮೇಲೆ ಹಳೇ ಪದರ ವಾಪಸ್ ಅಂಟಿಸಿ. ಅಂಟು ಎರಡೂ ಕಡೆ ತೆಳ್ಳಗೆ ಸ್ಪ್ರೇ ಮಾಡಿ, ಬೆರಳಿಗೆ ಜಿಗಿ ಅನ್ನಿಸಿ ಕೈಗೆ ಬರದೆ ಇರೋ ಹದಕ್ಕೆ ಬಂದಾಗ ಒತ್ತಿ, ಒಂದು ಸಲ ತಾಗಿದ್ರೆ ಮತ್ತೆ ಸರಿಸೋಕಾಗಲ್ಲ, ಅದಕ್ಕೇ ಮುಂಭಾಗದಿಂದ ಸ್ವಲ್ಪ ಸ್ವಲ್ಪವೇ ಇಳಿಸ್ತಾ ಬನ್ನಿ. ಅಂಟು ದಪ್ಪ ಆದ್ರೆ ಒಣಗಿ ಗೆರೆ ಕಟ್ಟಿ ಚುಚ್ಚುತ್ತೆ. ಅಂಟಿನ ಹೊಗೆಗೆ ಬೆಂಕಿ ಹಿಡಿಯುತ್ತೆ, ಗರಾಜಿನ ಗ್ಯಾಸ್ ಹೀಟರ್ ಆರಿಸಿ, ಬಾಗಿಲು ತೆಗೆದಿಟ್ಟು ಮಾಡಿ.

ಕವರ್ ಹಾಕೋ ಮುಂಚೆ ಫೋಮಿಗೆ ಪೂರ್ತಿ ಒಂದು ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ನೀರಿನ ಕಾಟ ಅರ್ಧಕ್ಕರ್ಧ ತಪ್ಪುತ್ತೆ. ರೆಕ್ಸಿನ್ ರಾತ್ರಿಯೇ ಮನೆಯೊಳಗೆ ತಂದಿಡಿ, ತಣ್ಣಗಿದ್ರೆ ಎಳೆಯೋಕೆ ಬರಲ್ಲ, ಸೀಳುತ್ತೆ. ಸೀಟಿನ ಮುಂದಿನ ತುದಿಯಲ್ಲಿ ಎರಡು ಪಿನ್ನು, ಹಿಂದೆ ಎಳೆದು ಎರಡು, ಆಮೇಲೆ ಎಡಕ್ಕೊಂದು ಬಲಕ್ಕೊಂದು ಅಂತ ಮಧ್ಯದಿಂದ ತುದಿಗೆ ಹೋಗಿ. ಪಿನ್ನು ಸ್ಟೇನ್‌ಲೆಸ್ ಸ್ಟೀಲಿನದ್ದು, 6 ಮಿಲಿಮೀಟರ್ ಉದ್ದದ್ದು ಸಾಮಾನ್ಯವಾಗಿ ಸಾಕು, ನಿಮ್ಮ ಸೀಟಿನ ತಳದ ದಪ್ಪ ನೋಡ್ಕೊಂಡು ತಗೊಳ್ಳಿ. ಕೈಯಲ್ಲಿ ಒತ್ತೋ ಸ್ಟೇಪಲ್ ಗನ್ನಿಗೆ ತಳದ ಪ್ಲಾಸ್ಟಿಕ್ ಬಗ್ಗಲ್ಲ, ಗಾಳಿ ಕಂಪ್ರೆಸರ್‌ನದ್ದು ಒಂದು ದಿನಕ್ಕೆ ಬಾಡಿಗೆಗೆ ತನ್ನಿ. ಹಳೇ ಕವರ್ ಹಿಗ್ಗೋದು ಅರ್ಧ ಇಂಚು ಅಷ್ಟೇ, ಫೋಮಿನ ಎತ್ತರ ಅದಕ್ಕಿಂತ ಜಾಸ್ತಿ ಮಾಡಿದ್ರೆ ಹೊಸ ಕವರ್ ಹೊಲಿಸ್ಲೇಬೇಕು, ಆಗ ಚಳಿಗೆ ಸೀಳದ, ದೋಣಿ ಸೀಟಿಗೆ ಹಾಕೋ ಜಾತಿಯ ವಿನೈಲ್ ಕೇಳಿ.

ಸೀಟು ಎತ್ತರ ಆದ್ರೆ ಹ್ಯಾಂಡಲ್ ತಗ್ಗಾಯ್ತು ಅಂತ ಅರ್ಥ, ಇದನ್ನ ಮರೆತವರು ಮಂಡಿ ನೋವು ಬಿಟ್ಟು ಸೊಂಟ ನೋವು ತಗೊಂಡ್ರು. ಕೂತಾಗ ಬಗ್ಗಬೇಕಾಗುತ್ತೆ ಅನ್ನಿಸಿದ್ರೆ ಹ್ಯಾಂಡಲಿಗೆ ರೈಸರ್, ಅಂದ್ರೆ ಅದನ್ನ ಎತ್ತರಿಸೋ ತುಂಡು, ಹಾಕಿಸ್ಬೇಕು, ಹಾಕಿದ ಮೇಲೆ ಎಂಜಿನ್ ಆಫ್ ಇದ್ದಾಗಲೇ ಹ್ಯಾಂಡಲ್ ಎರಡೂ ತುದಿಗೆ ಪೂರ್ತಿ ತಿರುಗಿಸಿ ಥ್ರಾಟಲ್ (ಎಕ್ಸಿಲರೇಟರ್) ಕೇಬಲ್, ಬ್ರೇಕ್ ಪೈಪು ಬಿಗೀತಾವಾ ನೋಡಿ. ಕೇಬಲ್ ಗಿಡ್ಡ ಆಗಿದ್ರೆ ತಿರುವಿನಲ್ಲಿ ತಾನೇ ಥ್ರಾಟಲ್ ಎಳೀಬೋದು, ಅದು ಪ್ರಾಣಕ್ಕೆ ಬರೋ ವಿಷಯ. ನಿಮಗೆ ನನ್ನ ಸಲಹೆ, 3 ಇಂಚಿನ ಆಸೆ ಬಿಡಿ, ಗಟ್ಟಿ ಮಾಡಿ ಒಂದೂವರೆ ಇಂಚು ವಾಪಸ್ ಪಡೀರಿ, ಒಂದು ತಿಂಗಳು ಓಡಿಸಿ, ಆಮೇಲೂ ಬೇಕು ಅನ್ನಿಸಿದ್ರೆ ಇನ್ನೊಂದು ಇಂಚು. ಎತ್ತರ ಜಾಸ್ತಿ ಆದಷ್ಟೂ ಭಾರ ಮೇಲಕ್ಕೆ ಹೋಗುತ್ತೆ, ಇಳಿಜಾರಲ್ಲಿ ಅಡ್ಡಕ್ಕೆ ಹೋಗೋವಾಗ ಗಾಡಿ ವಾಲೋದು ಕೈಗೆ ಗೊತ್ತಾಗುತ್ತೆ.

ಪ್ರಶ್ನೆ: ಸರ್, ನಾನು ಒಂಟಾರಿಯೊದಲ್ಲಿದೀನಿ, ನನ್ನ ಎತ್ತರ 5 ಅಡಿ. ನಮ್ಮೆಜಮಾನ್ರು ಸೀಟು ಗಟ್ಟಿ ಮಾಡಿಸಿದ್ರು, ಅವರಿಗೆ ಸರಿಹೋಯ್ತು, ನನಗೆ ತೊಡೆ ಒಳಭಾಗ ಒತ್ತುತ್ತೆ, ಕಾಲು ಹಲಗೆ ಮೇಲೆ ಗಟ್ಟಿಯಾಗಿ ಊರಲ್ಲ. ಫೋಮು ಕೊಯ್ದು ತಗ್ಗು ಮಾಡ್ಸೋದಾ?

ಉತ್ತರ: ತಗ್ಗು ಮಾಡ್ಸೋದು ಬೇಡಮ್ಮ, ಇಬ್ಬರೂ ಓಡಿಸೋ ಗಾಡಿ, ಅವರ ಮಂಡಿಗೆ ತೊಂದರೆ ಆಗುತ್ತೆ. ನಿಮಗೆ ಅಡ್ಡ ಬರ್ತಿರೋದು ಎತ್ತರ ಅಲ್ಲ, ಅಗಲ. ಸೀಟಿನ ಮುಂದಿನ ಅರ್ಧದಲ್ಲಿ ಎರಡೂ ಕಡೆ ಅಂಚು ಮುಕ್ಕಾಲು ಇಂಚಿನಷ್ಟು ಇಳಿಜಾರಾಗಿ ಸವರಿಸಿ, ತೊಡೆ ನೇರ ಕೆಳಗಿಳಿಯುತ್ತೆ, ಕಾಲು ತಾನೇ ಊರುತ್ತೆ. ಮೊದಲು ಸೀಟಿನ ಮೇಲೆ ಕೂತು ತೊಡೆ ಒತ್ತೋ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕ್ಕೊಳ್ಳಿ. ಮಧ್ಯದ ಎತ್ತರ ಮುಟ್ಟಬೇಡಿ, ಎಲ್ಲೂ ತಳದ ಮೇಲೆ ಎರಡೂವರೆ ಇಂಚಿಗಿಂತ ಕಮ್ಮಿ ಫೋಮು ಉಳಿಸಬೇಡಿ.

ಪ್ರಶ್ನೆ: ನಮ್ಮದು ಶಿವಮೊಗ್ಗ, ಹಿಮಗಿಮ ಏನೂ ಇಲ್ಲ. ಬುಲೆಟ್ ಸೀಟು ಕುಸಿದಿದೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಜೆಲ್ ಪ್ಯಾಡ್ ಹಾಕ್ಸೋಣ ಅಂತಿದೀನಿ, ಹಾಕ್ಸಬೋದಾ?

ಉತ್ತರ: ಅಷ್ಟು ದೂರ ಹೋಗೋದು ಯಾಕೆ, ನಿಮ್ಮೂರ ಕುಶನ್ ಅಂಗಡಿಯವರೇ ಮಾಡಿಕೊಡ್ತಾರೆ. ಮೇಲಿನವರಿಗೆ ಹೇಳಿದ್ದೇ ನಿಮಗೂ, ತಳಕ್ಕೆ ರಿಬಾಂಡೆಡ್, ಮೇಲೆ ಒಂದು ಇಂಚು ಮೆತ್ತಗಿನದ್ದು. ಕುಸಿದ ಫೋಮಿನ ಮೇಲೆ ಜೆಲ್ ಇಟ್ರೆ ಅದೂ ಅದರ ಜೊತೆಗೇ ಕುಸಿಯುತ್ತೆ, ಬಿಸಿಲಲ್ಲಿ ನಿಲ್ಲಿಸಿದ ಬೈಕಿನಲ್ಲಿ ಸುಡುತ್ತೆ ಬೇರೆ. ಆದ್ರೆ ಒಂದು ವ್ಯತ್ಯಾಸ ಇದೆ, ಸ್ನೋಮೊಬೈಲ್‌ನಲ್ಲಿ ಕಾಲು ಹಲಗೆ ಮೇಲಿರುತ್ತೆ, ನಿಮ್ಮದು ಸಿಗ್ನಲ್‌ನಲ್ಲಿ ನೆಲ ಮುಟ್ಟಬೇಕು, ಅದಕ್ಕೆ ರೆಕ್ಸಿನ್ ಹೊಡೆಯೋ ಮುಂಚೆ ಬರೀ ಫೋಮು ಇಟ್ಟ ಸೀಟು ಬೈಕಿಗೆ ಕೂರಿಸಿ, ಎರಡೂ ಪಾದ ಊರಿ ನೋಡಿ, ಹಿಮ್ಮಡಿ ಎದ್ದರೆ ಅಲ್ಲೇ ಅರ್ಧ ಇಂಚು ಕೊಯ್ಯೋಕೆ ಹೇಳಿ.